ಒಂದೂ ಕೆಂಪು ಚುಕ್ಕೆ ಇಲ್ಲದ ದಿನ

ನಮ್ಮಲ್ಲಿ ಒಗ್ಗಟ್ಟಿಲ್ಲ ಎಂದು ಕಂಡುಹಿಡಿದವರು ಅಶ್ವತ್ಥ್ ಸಾರ್.

ನಾವು ಮೂವತ್ತಾರು ಹೆಂಗಸರು. ಗಾರ್ಮೆಂಟ್ಸ್‌ನಲ್ಲಿ ನಾಲ್ಕನೇ ಬ್ಯಾಚು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಸಾಲಾಗಿ ಕೂತು ಅಂಗಿ ಹೊಲಿಯುತ್ತೇವೆ. ಒಬ್ಬಳು ಕಾಲರ್ ಕೂಡಿಸಿದರೆ ಇನ್ನೊಬ್ಬಳು ತೋಳು, ಮತ್ತೊಬ್ಬಳು ಪಕ್ಕೆ ಹೊಲಿಗೆ. ಯಾರಿಗೆ ಯಾವ ತಾರೀಖಿಗೆ ಮುಟ್ಟು, ಯಾರ ಗಂಡ ಎಷ್ಟು ಕುಡಿಯುತ್ತಾನೆ, ಯಾರ ಸೊಂಟ ಎಷ್ಟು ಗಂಟೆಗೆ ಹಿಡಿಯುತ್ತದೆ, ಎಲ್ಲವೂ ಎಲ್ಲರಿಗೂ ಗೊತ್ತು. ಆದರೂ ಎರಡು ತಿಂಗಳಿಂದ ಟಾರ್ಗೆಟ್ ಮುಟ್ಟಿರಲಿಲ್ಲ. ಗಂಟೆಗೆ ಎಂಬತ್ತು ಪೀಸ್ ಇದ್ದ ಟಾರ್ಗೆಟನ್ನು ನೂರಹತ್ತಕ್ಕೆ ಏರಿಸಿದವರೂ ಅಶ್ವತ್ಥ್ ಸಾರೇ. ಆದರೆ ಕಾರಣ ಅದಲ್ಲವಂತೆ. ನಮ್ಮಲ್ಲಿ ಒಗ್ಗಟ್ಟಿಲ್ಲವಂತೆ.

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಫ್ಯಾಕ್ಟರಿ ನಿಂತಿರುವುದು ಕೆಂಪಾಪುರದ ಹಿಂದೆ, ಅವರಪ್ಪ ಚಿಕ್ಕಬೈರಪ್ಪನವರ ರಾಗಿ ಹೊಲದ ಮೇಲೆ. ಹೊಲವನ್ನು ಕಂಪನಿಗೆ ಬಾಡಿಗೆಗೆ ಕೊಡುವಾಗ ಮಗನಿಗೊಂದು ಕುರ್ಚಿ ಎಂದೂ ಬರೆಸಿಕೊಂಡರಂತೆ. ಹಾಗೆ ಇವರು ಪ್ರೊಡಕ್ಷನ್ ಮ್ಯಾನೇಜರ್ ಆದರು. ಸೂಜಿಗೆ ದಾರ ಪೋಣಿಸಿದ್ದನ್ನು ಯಾರೂ ನೋಡಿಲ್ಲ.

ನನ್ನ ಪಕ್ಕದ ಮಿಷನ್ನು ಮಾರಮ್ಮನದು. ಅಮೃತಹಳ್ಳಿಯ ಕಾಲೊನಿಯವಳು. ವಯಸ್ಸು ಕಂಪನಿಯ ಲೆಕ್ಕದಲ್ಲಿ ನಲವತ್ತೈದು, ದೇವರ ಲೆಕ್ಕದಲ್ಲಿ ಐವತ್ತಮೂರು. ಹುಡುಗಿಯಾಗಿದ್ದಾಗ ಇದೇ ಹೊಲದಲ್ಲಿ ಕಳೆ ಕಿತ್ತವಳು, ಈಗ ಇದೇ ಜಾಗದಲ್ಲಿ ಪಕ್ಕೆ ಹೊಲಿಗೆ ಹಾಕುತ್ತಾಳೆ. ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದು ಸಿಗುವುದು ಇಎಸ್‌ಐ ಕಾರ್ಡಿನಲ್ಲಿ. ಕಾರ್ಡು ಇರುವುದು ಕೆಲಸ ಇರುವ ತನಕ. ಗಂಡ ಮುನಿವೆಂಕಟಯ್ಯನಿಗೆ ಕಣ್ಣು ಮಂಜು, ಮನೆಯಲ್ಲೇ ಇರುತ್ತಾನೆ. ಹಾಗಾಗಿ ಯಾರು ಏನು ಬೈದರೂ ಅವಳು ತಲೆ ಎತ್ತುತ್ತಿರಲಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಗಂಟೆಗೊಮ್ಮೆ ಉಚ್ಚೆಗೆ ಅವಸರ. ನಮ್ಮಲ್ಲಿ ಅದಕ್ಕೆ ಟೋಕನ್ ಬೇಕು. ಬ್ಯಾಚಿಗೊಂದು ಹಳದಿ ಬಣ್ಣದ ಮರದ ಬಿಲ್ಲೆ, ಸಾಲಿನ ತುದಿಯಲ್ಲಿ ಮೊಳೆಗೆ ನೇತುಹಾಕಿರುತ್ತಾರೆ. ಅದು ಮೊಳೆಯಲ್ಲಿದ್ದರೆ ಒಬ್ಬಳು ಎದ್ದು ಹೋಗಬಹುದು. ಇಲ್ಲವೆಂದರೆ, ಹೋದವಳು ಬರುವ ತನಕ ಮೂವತ್ತೈದು ಜನ ತೊಡೆ ಬಿಗಿಹಿಡಿದು ಕೂರಬೇಕು. ಒಮ್ಮೆ ಮಗಳಿಗೆ ಇದನ್ನು ಹೇಳಿದೆ. ಎರಡನೇ ಕ್ಲಾಸಿನವಳು. "ನಮ್ ಸ್ಕೂಲಲ್ಲಿ ಕಿರುಬೆರಳು ತೋರ್ಸಿದ್ರೆ ಸಾಕಮ್ಮ" ಎಂದಳು.

ಒಗ್ಗಟ್ಟು ಕಲಿಸಲು ವೇಣುಗೋಪಾಲ್ ಎಂಬುವರನ್ನು ಕರೆಸಿದರು. ಕೆನ್ನೆಗೆ ಅಂಟಿಸಿಕೊಂಡ ಮೈಕು, ಕಾಲಿಗೆ ಬಿಳಿ ಶೂ. ಒಂದು ಬುಧವಾರ ಮಿಷನ್ ನಿಲ್ಲಿಸಿ ನಮ್ಮನ್ನೆಲ್ಲ ಕಟಿಂಗ್ ಸೆಕ್ಷನ್ನಿನಲ್ಲಿ ನಿಲ್ಲಿಸಿದರು.

"ಗುಡ್ ಮಾರ್ನಿಂಗ್ ಹುಲಿಗಳೇ!" ಎಂದು ಕೂಗಿದರು.

ಹುಲಿಗಳು ಗುಡ್ ಮಾರ್ನಿಂಗ್ ಸಾರ್ ಎಂದವು.

"ನಾವು ಮೂವತ್ತಾರು ಜನ ಅಲ್ಲ. ಒಂದೇ ದೇಹ! ನಾವೇನು?"

"ಒಂದೇ ದೇಹ ಸಾರ್."

ಕಣ್ಣು ಮುಚ್ಚಿಸಿ ನಡೆಸಿದರು. ಹಗ್ಗ ಎಳೆಸಿದರು. ಪಕ್ಕದವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಎಂದರು. ಕೊನೆಗೆ ಊಟದ ಆಟ. ಎಲ್ಲರೂ ಡಬ್ಬಿ ತೆರೆದು ಪಕ್ಕದವರ ಡಬ್ಬಿಯಿಂದ ಒಂದು ತುತ್ತು ತಿನ್ನಬೇಕು. "ಒಂದೇ ತಟ್ಟೆ, ಒಂದೇ ಮನಸ್ಸು!"

ಮಾರಮ್ಮ ಡಬ್ಬಿ ತೆರೆದಳು. ಮುದ್ದೆ, ಹುರುಳಿಕಾಳಿನ ಸಾರು. ಅವಳ ಎಡಕ್ಕೆ ನಾನು.

"ನಂಗಿವತ್ತು ಒಪ್ಪೊತ್ತು ಸಾರ್" ಎಂದೆ.

ಅವಳ ಬಲಕ್ಕಿದ್ದ ರಾಧಾಮಣಿಗೂ ಒಪ್ಪೊತ್ತು. ಎದುರಿಗಿದ್ದವಳಿಗೂ ಒಪ್ಪೊತ್ತು. ಬುಧವಾರ ಉಪವಾಸ ಕೇಳುವ ದೇವರು ಯಾವುದೋ ನನಗಂತೂ ಗೊತ್ತಿಲ್ಲ. ಆ ದಿನ ಮಾರಮ್ಮನ ಸುತ್ತ ಕೂತವರಿಗೆಲ್ಲ ಅದು ಒಟ್ಟಿಗೇ ಮೈಮೇಲೆ ಬಂದಿತ್ತು. ವೇಣುಗೋಪಾಲ್ ಅದನ್ನು ಡಯಟ್ ಎಂದುಕೊಂಡರು. "ವೆರಿ ಗುಡ್, ಆರೋಗ್ಯ ಮುಖ್ಯ" ಎಂದರು. ಮಾರಮ್ಮ ಡಬ್ಬಿಯ ಮುಚ್ಚಳ ಹಾಕಿ, ಮೂಲೆಗೆ ಹೋಗಿ ಒಬ್ಬಳೇ ಉಂಡಳು. ಏಳು ವರ್ಷ ಪಕ್ಕಪಕ್ಕದಲ್ಲಿ ಕೂತಿದ್ದೇವೆ, ಅವಳ ಡಬ್ಬಿಯ ಒಂದು ಅಗುಳನ್ನೂ ನಾನು ಬಾಯಿಗಿಟ್ಟಿರಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳಲೇಬೇಕು.

ಒಗ್ಗಟ್ಟಿಗೆ ನಾಲ್ಕು ಗಂಟೆ ಖರ್ಚಾಗಿತ್ತು. ಅದನ್ನು ಮುಂದಿನ ನಾಲ್ಕು ದಿನ, ದಿನಕ್ಕೊಂದು ಗಂಟೆಯಂತೆ ಜಾಸ್ತಿ ಕೂರಿಸಿ ವಸೂಲು ಮಾಡಿದರು.

ಆಮೇಲೆ ಸ್ಪರ್ಧೆ ಬಂತು. ಎಚ್‌ಆರ್ ನಂದಿತಾ ಮೇಡಂ ಗೋಡೆಗೆ ದೊಡ್ಡ ಬಿಳಿ ಬೋರ್ಡು ಹೊಡೆಸಿದರು. ಆರು ಬ್ಯಾಚು, ಆರು ಸಾಲು. ಟೋಕನ್ ಒಂದು ಸಲ ಮೊಳೆಯಿಂದ ಇಳಿದರೆ ಆ ಬ್ಯಾಚಿನ ಮುಂದೆ ಒಂದು ಕೆಂಪು ಚುಕ್ಕೆ. ತಿಂಗಳ ಕೊನೆಗೆ ಯಾರ ಮುಂದೆ ಚುಕ್ಕೆ ಕಡಿಮೆಯೋ ಅವರು 'ಐಕ್ಯ ತಂಡ'. ಅವರಿಗೊಂದು ಬಹುಮಾನದ ಕಪ್ಪು, ಜೊತೆಗೆ ತಲೆಗೊಂದು ಐದು ಲೀಟರಿನ ಕುಕ್ಕರು.

ಕಪ್ಪು ಯಾರಿಗೆ ಬೇಕು? ಕುಕ್ಕರು ಎಲ್ಲರಿಗೂ ಬೇಕಿತ್ತು.

ಪ್ರತಿ ಬ್ಯಾಚಿಗೂ ಒಬ್ಬ ಕ್ಯಾಪ್ಟನ್. ನಮ್ಮ ಬ್ಯಾಚಿಗೆ ನಾನು. "ನಾಗಲಕ್ಷ್ಮಿ, ನಿಮ್ಮಲ್ಲಿ ಲೀಡರ್‌ಶಿಪ್ ಇದೆ" ಎಂದು ನಂದಿತಾ ಮೇಡಂ ನನ್ನ ದುಪಟ್ಟಕ್ಕೆ ಬ್ಯಾಡ್ಜ್ ಚುಚ್ಚಿದರು. ಟೋಕನ್ನಿನ ಮೊಳೆಯನ್ನು ನನ್ನ ಮೇಜಿಗೆ ಹೊಡೆಸಿದರು. ಗಂಡನ ಮನೆಯಲ್ಲಿ ಹನ್ನೊಂದು ವರ್ಷದಿಂದ ಒಂದು ಬೀಗದ ಕೈಯನ್ನೂ ಕಾಣದವಳಿಗೆ ಮೂವತ್ತಾರು ಜನರ ಉಚ್ಚೆಯ ಅಧಿಕಾರ ಸಿಕ್ಕಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡಹಗಲೇ ಹಿಡಿದೆ.

ಮೊದಲು ನಾವು ನೀರು ಬಿಟ್ಟೆವು. ಬಾಟಲಿಗಳು ಬ್ಯಾಗಿನಲ್ಲೇ ಉಳಿದವು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಟೋಕನ್ ಬೇಕಿಲ್ಲ, ಆಗ ಇನ್ನೂರು ಜನ ಓಡಿಹೋಗಿ ನಾಲ್ಕು ಬಾಗಿಲ ಮುಂದೆ ನೂಕಾಡುತ್ತಿದ್ದೆವು. ಉರಿಮೂತ್ರ ಬಂತು. ರಾಧಾಮಣಿ ಎರಡು ದಿನ ಜ್ವರದಲ್ಲಿ ಮಲಗಿದಳು. ರಜೆ ಹಾಕಿದ್ದಕ್ಕೆ ಚುಕ್ಕೆ ಇಲ್ಲ ಎಂದು ಖುಷಿಪಟ್ಟೆವು.

ಮಾರಮ್ಮ ಮಾತ್ರ ಏಳುತ್ತಿದ್ದಳು. ದಿನಕ್ಕೆ ಐದು ಚುಕ್ಕೆ, ಆರು ಚುಕ್ಕೆ. ಎಲ್ಲವೂ ಅವಳವೇ. ಮೊದಲ ವಾರ ಕಣ್ಣಲ್ಲಿ ನೋಡಿದೆವು. ಎರಡನೇ ವಾರ ಬಾಯಿ ಬಂತು.

"ನಿಂಗೊಬ್ಳಿಗೇ ಏನ್ ಬಂದಿರೋದು? ನಾವೆಲ್ಲ ಹೆಂಗಸ್ರಲ್ವಾ?" ಎಂದಳು ರಾಧಾಮಣಿ.

"ಸಕ್ಕರೆ ಕಾಯಿಲೆ ಕಣಮ್ಮ. ತಡಿಯಾಕ್ ಆಗಾಕಿಲ್ಲ."

"ನಮ್ಮತ್ತೆಗೂ ಐತೆ. ಇಷ್ಟೊಂದ್ ಹೋಗಲ್ಲ."

ಅಶ್ವತ್ಥ್ ಸಾರ್ ಇದನ್ನು ದೂರದಿಂದ ನೋಡಿ ನಗುತ್ತಿದ್ದರು. ಮೊದಲಾದರೆ ಅವರು ಬೈಯಬೇಕಿತ್ತು. ಈಗ ಬೈಯುವ ಕೆಲಸವನ್ನು ನಾವೇ ಮಾಡುತ್ತಿದ್ದೆವು, ಅದೂ ಬಿಟ್ಟಿ. ಗಂಟೆಗೆ ನೂರಹತ್ತು ಪೀಸ್ ಬೀಳತೊಡಗಿತು. ಒಗ್ಗಟ್ಟು ಬಂದೇಬಿಟ್ಟಿತ್ತು.

ಮಾರಮ್ಮ ದಾರಿ ಹುಡುಕಿದಳು. ಬೆಳಿಗ್ಗೆಯ ಕಾಫಿ ಬಿಟ್ಟಳು. ನೀರು ಬಿಟ್ಟಳು. ತೊಡೆಯ ನಡುವೆ ಹಳೇ ಸೀರೆಯ ಬಟ್ಟೆ ಮಡಿಸಿಟ್ಟುಕೊಂಡು ಬಂದಳು. ತುಟಿ ಒಡೆದು, ನಾಲಿಗೆ ಒಣಗಿ, ಮಾತಾಡಿದರೆ ಬಾಯಿಂದ ಅಂಟು ಅಂಟು ಸದ್ದು ಬರುತ್ತಿತ್ತು. ಚುಕ್ಕೆ ದಿನಕ್ಕೆರಡಕ್ಕೆ ಇಳಿಯಿತು. ಕೊನೆಯ ಶನಿವಾರ ಬಂದಾಗ ನಾವೂ ಎರಡನೇ ಬ್ಯಾಚೂ ಸಮಸಮ. ಅವತ್ತು ಒಂದೂ ಚುಕ್ಕೆ ಬೀಳದಿದ್ದರೆ ಕುಕ್ಕರು ನಮ್ಮದು.

ಹತ್ತೂಕಾಲಕ್ಕೆ ಮಾರಮ್ಮ ನನ್ನ ಮೇಜಿನ ಹತ್ತಿರ ಬಂದಳು. ಕೈಚಾಚಿದಳು.

"ನಾಗಲಕ್ಷ್ಮಮ್ಮ, ಟೋಕನ್ನು."

"ಇವತ್ತೊಂದಿನ ತಡ್ಕೊ ಮಾರಮ್ಮ. ಹನ್ನೆರಡೂವರೆಗೆ ಊಟ ಅಲ್ವಾ?"

"ಆಗಾಕಿಲ್ಲ ಕಣಮ್ಮ."

"ಮೂವತ್ತೈದ್ ಜನ ತಡ್ಕೊಂಡವ್ರೆ. ನಿಂಗೆ ಟೀಮ್ ಅನ್ನೋದೇ ಇಲ್ವಾ?"

ಆ ಮಾತು ನನ್ನದಲ್ಲ, ವೇಣುಗೋಪಾಲರದು ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಮೊಳೆಯ ಮೇಲೆ ಅಂಗೈ ಇಟ್ಟು ಟೋಕನ್ ಮುಚ್ಚಿಕೊಂಡವಳು ನಾನೇ. ಅವಳು ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಹೋಗಿ ಕೂತಳು.

ಹನ್ನೊಂದೂವರೆಗೆ ಇನ್ನೊಮ್ಮೆ ನನ್ನ ಕಡೆ ನೋಡಿದಳು. ನಾನು ಹೊಲಿಗೆಯಿಂದ ಕಣ್ಣು ಎತ್ತಲಿಲ್ಲ.

ಹನ್ನೆರಡಕ್ಕೆ ನನ್ನ ಕಾಲಿಗೆ ಬೆಚ್ಚಗೆ ಏನೋ ತಾಗಿತು. ಬಗ್ಗಿ ನೋಡಿದೆ. ಮಾರಮ್ಮನ ಸ್ಟೂಲಿನಿಂದ ನೆಲದ ಮೇಲೆ ಹರಿದು ಬಂದು ನನ್ನ ಪೆಡಲಿನ ಕೆಳಗೆ ನಿಂತಿತ್ತು. ಅವಳ ಮಿಷನ್ನು ಓಡುತ್ತಲೇ ಇತ್ತು. ಅವಳು ಹೊಲಿಯುತ್ತಲೇ ಇದ್ದಳು. ಒಂದು ಅಂಗಿಯ ಪಕ್ಕೆ ಮುಗಿಸಿ ಇನ್ನೊಂದನ್ನು ಸೂಜಿಯ ಕೆಳಗಿಟ್ಟಳು. ಕಣ್ಣಿಂದ ನೀರು ಸುರಿದು ಗಲ್ಲದಿಂದ ಬಟ್ಟೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಂಡರೆ ಪೀಸ್ ತಪ್ಪುತ್ತದಲ್ಲ.

ಮೆಕ್ಯಾನಿಕ್ ರಿಯಾಜ್ ಓಡಿಬಂದು ಸಾಲಿನ ಕರೆಂಟು ತೆಗೆದ. "ಮೋಟರ್ ವೈರ್ ಕೆಳಗೈತೆ, ಶಾಕ್ ಹೊಡ್ದಿದ್ರೆ ಏನ್ ಗತಿ?" ಎಂದು ಕೂಗಿದ.

ಅಶ್ವತ್ಥ್ ಸಾರ್ ಬಂದರು. ಅವರ ಮೊದಲ ಪ್ರಶ್ನೆ, "ಎಷ್ಟ್ ಪೀಸ್ ಹೋಯ್ತು?"

ಮಡಿಲಲ್ಲಿದ್ದ ಒಂಬತ್ತು ಪೀಸ್ ಹೋಗಿತ್ತು.

ಅವಳ ಕೈಗೇ ಒರೆಸುವ ಬಟ್ಟೆ ಕೊಟ್ಟರು. ಒದ್ದೆ ಸೀರೆಯಲ್ಲೇ ಮೊಣಕಾಲೂರಿ ನೆಲ ಒರೆಸಿದಳು. ಸ್ಟೂಲು ಒರೆಸಿದಳು. ನನ್ನ ಪೆಡಲನ್ನೂ ಒರೆಸಿದಳು, ನಾನು ಕಾಲು ಎತ್ತಿಕೊಂಡೆ. ಮೂವತ್ತೈದು ಜನರಲ್ಲಿ ಒಬ್ಬಳೂ ಬಗ್ಗಲಿಲ್ಲ.

"ಈಗ ಎದ್ದು ನಿಂತ್ಕೊ. ಟೀಮಿಗೆ ಸಾರಿ ಕೇಳು" ಎಂದರು ಅಶ್ವತ್ಥ್ ಸಾರ್. "ನಿನ್ನೊಬ್ಳಿಂದ ಎಲ್ರಿಗೂ ಅವಮಾನ."

ಮಾರಮ್ಮ ಎದ್ದು ನಿಂತಳು. ಏಳು ವರ್ಷದಲ್ಲಿ ಮೊದಲ ಸಲ ಅವಳು ತಲೆ ಎತ್ತಿದ್ದನ್ನು ಕಂಡೆ.

"ಕೇಳಾಕಿಲ್ಲ."

"ಏನಂದೆ?"

"ಕೇಳಾಕಿಲ್ಲ ಅಂದೆ. ಇದೇ ಜಾಗದಾಗೆ ನಿಮ್ಮಪ್ಪನ ರಾಗಿ ಒಲದಲ್ಲಿ ನಾನು ಕಳೆ ಕಿತ್ತಿವ್ನಿ. ನಿಮ್ಮಜ್ಜಿ ನಮ್ಗೆ ಲೋಟ ಕೊಡ್ತಿರ್ಲಿಲ್ಲ, ಮೇಲಿಂದ ಬೊಗಸೆಗೆ ನೀರು ಉಯ್ತಿದ್ರು. ಮುಟ್ಟಿದ್ರೆ ಮೈಲಿಗೆ ಅನ್ನೋರು. ಅಂತಾ ಅಜ್ಜಿನೂ ಉಚ್ಚೆಗೆ ಓಗ್ಬೇಡ ಅಂದಿರ್ಲಿಲ್ಲ. ಬದುವಿನ ಮರೆಗೆ ಓಗಿ ಬರ್ತಿದ್ದೆ. ಯಾರ್ನೂ ಕೇಳ್ತಿರ್ಲಿಲ್ಲ. ಅವ್ರಿಗಿಂತ ಕೆಟ್ಟೋರಾದ್ರಲ್ಲಪ್ಪ ನೀವು."

ಅಶ್ವತ್ಥ್ ಸಾರ್ ಮುಖ ಕೆಂಪಾಯಿತು. ಸೋಮವಾರ ಬಂದು ರಾಜೀನಾಮೆ ಪತ್ರಕ್ಕೆ ಸೈನ್ ಹಾಕಿ ಹೋಗು ಎಂದರು. ನಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಎಲ್ಲರೂ ಸ್ವಂತ ಇಷ್ಟದಿಂದ ಬಿಡುತ್ತಾರೆ.

ಸಂಜೆ ನಂದಿತಾ ಮೇಡಂ ಪೆನ್ನು ಹಿಡಿದು ಬೋರ್ಡಿನ ಮುಂದೆ ನಿಂತರು. ನನ್ನನ್ನು ಕೇಳಿದರು, "ಇವತ್ತು ಟೋಕನ್ ಎಷ್ಟು ಸಲ ಇಳೀತು?"

"ಒಂದ್ ಸಲನೂ ಇಲ್ಲ ಮೇಡಂ."

ಅವರು ರೂಲ್ಸಿನ ಹಾಳೆ ತೆಗೆದು ಎರಡು ಸಲ ಓದಿದರು. ಎದ್ದು ಹೋದರೆ ಚುಕ್ಕೆ ಎಂದು ಬರೆದಿತ್ತು. ಕೂತಲ್ಲೇ ಮಾಡಿಕೊಂಡರೆ ಏನು ಎಂದು ಬರೆದಿರಲಿಲ್ಲ. ನಮ್ಮ ಸಾಲಿನ ಮುಂದೆ ದೊಡ್ಡದಾಗಿ ಸೊನ್ನೆ ಬರೆದರು. ಎರಡನೇ ಬ್ಯಾಚಿಗೆ ಅವತ್ತು ಒಂದು ಚುಕ್ಕೆ ಬಿದ್ದಿತ್ತು. ನಾಲ್ಕನೇ ಬ್ಯಾಚು ಐಕ್ಯ ತಂಡವಾಯಿತು.

ಭಾನುವಾರ ನಾನು ಅಮೃತಹಳ್ಳಿಗೆ ಹೋದೆ. ಕಾಲೊನಿಯ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಮಾರಮ್ಮ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ.

"ತಪ್ಪಾಯ್ತು" ಎಂದೆ. "ಏನ್ ಮಾಡ್ಲಿ, ರೂಲ್ಸ್ ಮಾಡಿದ್ದು ಅವ್ರು."

"ರೂಲ್ಸು ಅವ್ರದು. ಮೊಳೆ ಮೇಲಿದ್ದ ಕೈ ನಿಮ್ದು."

ಅವಳು ಒಂದು ಕಲ್ಲು ಆರಿಸಿ ಬೀದಿಗೆ ಎಸೆದಳು.

"ಕಾಫಿ ಕುಡೀತೀರಾ? ಇವತ್ತು ಬಾನುವಾರ. ಒಪ್ಪೊತ್ತು ಇಲ್ಲ ಅಲ್ವಾ?"

ಅವಳಿಗೆ ಎಲ್ಲ ಗೊತ್ತಿತ್ತು. ಮುನಿವೆಂಕಟಯ್ಯ ಗೋಡೆ ತಡವುತ್ತ ಬಂದು ಲೋಟ ಕೊಟ್ಟ. ಕುಡಿದೆ. ಕಾಫಿ ಸುಡುತ್ತಿತ್ತು, ನಾಲಿಗೆಯ ಜೊತೆಗೆ ಮುಖವೂ ಸುಟ್ಟಂತಾಯಿತು. ಕುಡಿದಿದ್ದರಿಂದ ಏನೂ ಸರಿಹೋಗಲಿಲ್ಲ.

"ಸೈನ್ ಹಾಕ್ತೀಯಾ?" ಎಂದು ಕೇಳಿದೆ.

"ಹಾಕಾಕಿಲ್ಲ. ಎಂಟ್ ದಿನಕ್ಕಾಗೋವಷ್ಟು ಇನ್ಸುಲಿನ್ ಐತೆ. ಅಷ್ಟ್ ದಿನ ಗೇಟ್ ತಾವ ನಿಂತ್ಕೋತೀನಿ. ಆಮ್ಯಾಕೆ ಬಿದ್ರೆ ಅಲ್ಲೇ ಬೀಳ್ತೀನಿ."

ಸೋಮವಾರ ಬಹುಮಾನದ ದಿನ. ಅಂಗಿ ಕೊಳ್ಳುವ ಕಂಪನಿಯಿಂದ ಒಬ್ಬ ಬಿಳಿ ಹೆಂಗಸು ಬಂದಿದ್ದಳು. ಕಟಿಂಗ್ ಸೆಕ್ಷನ್ನಿನಲ್ಲಿ ವೇದಿಕೆ, ಬಲೂನು. ಗೇಟಿನ ಹೊರಗೆ ಬಿಸಿಲಲ್ಲಿ ಮಾರಮ್ಮ ನಿಂತಿದ್ದಳು. ಸೆಕ್ಯುರಿಟಿ ಲಾಲ್ ಸಾಬ್ ಒಳಗೆ ಬಿಟ್ಟಿರಲಿಲ್ಲ, ಆದರೆ ತನ್ನ ಕುರ್ಚಿಯನ್ನು ಹೊರಗೆ ಹಾಕಿಕೊಟ್ಟಿದ್ದ. ಅವಳು ಕೂತಿರಲಿಲ್ಲ.

ಕುಕ್ಕರುಗಳನ್ನು ಹಂಚಿದರು. ಮೂವತ್ತೈದು. ಕೊನೆಗೆ ಕಪ್ಪಿಗಾಗಿ ನನ್ನನ್ನು ಕರೆದರು. ನಂದಿತಾ ಮೇಡಂ ಕೈಗೆ ಮೈಕು ಕೊಟ್ಟು, "ಒಗ್ಗಟ್ಟಿನ ಬಗ್ಗೆ ಎರಡು ಮಾತು, ನಾಗಲಕ್ಷ್ಮಿ" ಎಂದರು.

ನನಗೂ ಕೆಲಸ ಬೇಕು, ನನಗೂ ಮಗಳಿದ್ದಾಳೆ. ಆದರೂ ಹೇಳಿದೆ.

"ಶನಿವಾರ ನಮ್ ಬ್ಯಾಚಿಗೆ ಒಂದೂ ಚುಕ್ಕೆ ಬಿದ್ದಿಲ್ಲ. ಯಾಕೆ ಅಂದ್ರೆ ಮಾರಮ್ಮಕ್ಕ ಟೋಕನ್ ಕೇಳಿದ್ರು, ನಾನ್ ಕೊಡ್ಲಿಲ್ಲ. ಅವ್ರು ಕೂತಲ್ಲೇ ಉಚ್ಚೆ ಮಾಡ್ಕೊಂಡ್ರು. ಹಂಗೆ ಗೆದ್ವಿ. ಈ ಕಪ್ಪು ಅದರದ್ದು. ಅವ್ರನ್ನ ಗೇಟಿಂದ ಆಚೆ ನಿಲ್ಸಿದೀರ."

ಬಿಳಿ ಹೆಂಗಸು ನಂದಿತಾ ಮೇಡಂ ಕಡೆ ತಿರುಗಿದಳು. ಮೇಡಂ ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ಎರಡೇ ಪದ. ಹ್ಯಾಪಿ. ಫ್ಯಾಮಿಲಿ. ಬಿಳಿ ಹೆಂಗಸು ಎದೆ ಮೇಲೆ ಕೈಯಿಟ್ಟುಕೊಂಡು ಚಪ್ಪಾಳೆ ತಟ್ಟಿದಳು. ಅಶ್ವತ್ಥ್ ಸಾರ್ ಕೂಡ ತಟ್ಟಿದರು.

ಕಪ್ಪನ್ನು ವೇದಿಕೆಯ ಮೇಲೆ ಇಟ್ಟೆ. ಇಳಿದೆ. ಜನರ ನಡುವೆ ನಡೆದು ನೇರ ಪಾಯಿಖಾನೆಯ ಬಾಗಿಲಿಗೆ ಹೋಗಿ ನಿಂತೆ. ಟೋಕನ್ ತೆಗೆದುಕೊಳ್ಳಲಿಲ್ಲ.

"ಏಯ್, ಎಲ್ಲಿಗೆ?" ಎಂದರು ಅಶ್ವತ್ಥ್ ಸಾರ್.

"ಉಚ್ಚೆಗೆ."

ರಾಧಾಮಣಿ ಕುಕ್ಕರನ್ನು ನೆಲದ ಮೇಲಿಟ್ಟು ಎದ್ದಳು. ಬಂದು ನನ್ನ ಹಿಂದೆ ನಿಂತಳು. ಆಮೇಲೆ ಇನ್ನೊಬ್ಬಳು. ನಮ್ಮ ಬ್ಯಾಚಿನಲ್ಲಿ ನಾಲ್ಕು ಜನ ಕುಕ್ಕರು ತಬ್ಬಿಕೊಂಡು ಕೂತೇ ಇದ್ದರು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ಬ್ಯಾಚು ಇಡೀ ಎದ್ದಿತು. ಸೋತವರಲ್ಲವೇ, ಅವರಿಗೆ ತಿಂಗಳಿಂದ ತಡೆದ ಸಿಟ್ಟಿತ್ತು. ಉಳಿದ ಬ್ಯಾಚಿನವರೂ ಒಬ್ಬೊಬ್ಬರಾಗಿ ಸೇರಿದರು, ಸಾಲು ಬಾಗಿಲಿನಿಂದ ವೇದಿಕೆಯ ಮುಂದಕ್ಕೆ ಬೆಳೆಯಿತು. ನಾನು ಒಳಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಹೋಗ್ರೀ ಮತ್ತೆ, ಯಾಕ್ ನಿಂತಿದೀರಾ?" ಎಂದು ಅಶ್ವತ್ಥ್ ಸಾರ್ ಹಲ್ಲು ಕಚ್ಚಿ ಮೆಲ್ಲಗೆ ಹೇಳಿದರು.

"ಮಾರಮ್ಮಕ್ಕ ಮೊದ್ಲು ಹೋಗ್ಲಿ. ಆಮೇಲೆ ನಾವು. ಪಂಚ್ ಮಾಡಿಸಿ ಒಳಗೆ ಬಿಡ್ರಿ. ಸುಮ್ನೆ ಬಿಟ್ರೆ ಹಾಜರಿ ಇಲ್ಲ ಅಂತೀರ."

ಬಿಳಿ ಹೆಂಗಸು ಎದ್ದು ಸಾಲಿನ ಹತ್ತಿರ ಬಂದಳು. ಏನಿದು ಎಂಬಂತೆ ಕೈ ತೋರಿಸಿದಳು. ನಂದಿತಾ ಮೇಡಂ ಬಾಯಿ ತೆರೆಯುವ ಮೊದಲೇ ರಾಧಾಮಣಿ ಕೂಗಿದಳು, "ಟಾಯ್ಲೆಟ್ ಮೇಡಂ! ನೋ ಪರ್ಮಿಷನ್!" ಅದಕ್ಕೆ ಯಾರ ಅನುವಾದವೂ ಬೇಕಾಗಲಿಲ್ಲ. ಬಿಳಿ ಹೆಂಗಸಿನ ನಗು ಹೋಯಿತು. ಅಶ್ವತ್ಥ್ ಸಾರ್ ಕಡೆ ತಿರುಗಿ ಏನೋ ಕೇಳಿದಳು. ಅವರು ಬೆವರು ಒರೆಸಿಕೊಂಡು ಗೇಟಿನ ಕಡೆ ಕೈಬೀಸಿದರು.

ಲಾಲ್ ಸಾಬ್ ಗೇಟು ತೆಗೆದ. ಮಾರಮ್ಮ ಗೇಟಿನ ಪಂಚಿಂಗ್ ಮಿಷನ್ನಿಗೆ ಬೆರಳೊತ್ತಿ ಹಾಜರಿ ಹಾಕಿದಳು, ಮೊದಲ ಸಲ ಹಿಡಿಯಲಿಲ್ಲ, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಆಮೇಲೆ ಅಷ್ಟುದ್ದ ಸಾಲಿನ ಪಕ್ಕದಲ್ಲಿ ನಡೆದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ನಾನು ಬಾಗಿಲಿನಿಂದ ಸರಿದೆ. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಸರ ಮಾಡಲಿಲ್ಲ. ನೂರೈವತ್ತು ಜನ ಹೊರಗೆ ಕಾದೆವು. ಮ್ಯಾನೇಜರ್ ಕಾದರು. ಪರದೇಶದ ಗಿರಾಕಿ ಕಾದಳು. ಒಬ್ಬ ಹೆಂಗಸು ಉಚ್ಚೆ ಮುಗಿಸುವುದನ್ನು ಇಡೀ ಫ್ಯಾಕ್ಟರಿ ನಿಂತು ಕಾಯಿತು.

ಚಿಲಕ ತೆಗೆದು ಹೊರಗೆ ಬಂದ ಮಾರಮ್ಮ ನನ್ನ ಮುಂದೆ ನಿಂತಳು. ಆ ದಿನ ಅವಳು ನನ್ನನ್ನು ನೋಡಿದ್ದು ಆಗಲೇ. ಕ್ಷಮಿಸಿದ ಕಣ್ಣಲ್ಲ ಅದು.

"ಒಳಗೆ ಒಂದ್ ತೊಟ್ಟು ನೀರಿಲ್ಲ ಕಣೆ" ಎಂದಳು. "ನಾಳೆ ಅದನ್ ಕೇಳು."

ಅಶ್ವತ್ಥ್ ಸಾರ್ ಹತ್ತು ಹೆಜ್ಜೆ ದೂರದಲ್ಲೇ ಇದ್ದರು. ನಾಳೆಯವರೆಗೆ ಯಾಕೆ ಕಾಯಬೇಕು?

"ನೀರ್ ಬಿಡ್ಸಿ" ಎಂದೆ. ಸಾರ್ ಎನ್ನಲಿಲ್ಲ.